ಕಿರ್ದಿ ಬರೆಯುವವರು ಯಾರು?

ಮಳೆಗಾಲದ ನಡುವೆ, ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಔಷಧ ಹೊಡೆಸುವ ಗಡಿಬಿಡಿಯ ದಿನಗಳಲ್ಲೇ, ನನಗೆ ಹೆಚ್ಚುಕಡಿಮೆ ಪ್ರತಿ ವರ್ಷ ಇನ್ನೊಂದು ಸಣ್ಣ ಕೆಲಸ ಬಂದು ಸೇರಿಕೊಳ್ಳುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿಯಾಗಿರುವ ‘ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್’ ಎಂಬ ಲಾಭರಹಿತ ಸಂಸ್ಥೆಯ ಆಡಳಿತ ಮಂಡಳಿಗೆ ಮತ ಹಾಕುವುದು ಆ ಕೆಲಸ. ಎಸ್‌ಪಿಐ ಎಂದು ಚಿಕ್ಕದಾಗಿ ಕರೆಯುವ ಈ ಸಂಸ್ಥೆಯಲ್ಲಿ ಸದಸ್ಯನಾಗಲು ಶೇರು ಹಣ ಕಟ್ಟಬೇಕಿಲ್ಲ. ಮುಕ್ತ ತಂತ್ರಾಂಶಕ್ಕಾಗಿ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕಾಗಿ, ಏನಾದರೂ ಕೆಲಸ ಮಾಡಿದ್ದನ್ನು ತೋರಿಸಿದರೆ ಮತದ ಹಕ್ಕು ದೊರೆಯುತ್ತದೆ. ಕನ್ನಡ ಅಕ್ಷರಗಳು ಪರದೆಯ ಮೇಲೆ ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತವೆಯೇ ಎಂದು ಪರೀಕ್ಷಿಸುವುದು ಮತ್ತು ಒಂದಿಷ್ಟು ಅನುವಾದ, ಇಷ್ಟೇ ನನ್ನ ಕೆಲಸವಾದರೂ, ಅದು ಸಾಕಾಯಿತು.

ಕಳೆದ ಸಲ ಅಭ್ಯರ್ಥಿಗಳ ಹೇಳಿಕೆಗಳನ್ನು ಓದುತ್ತಾ ಜಗುಲಿಯಲ್ಲಿ ಕುಳಿತಿದ್ದೆ. ಅಂಗಳದಲ್ಲಿ ಪೀಪಾಯಿಯ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ತಯಾರಾಗಿತ್ತು. ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡ ಮಳೆ ಹೊಳವಾಗುವುದನ್ನು ಕಾಯುತ್ತಾ ಕಟ್ಟೆಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಎಲೆಯಡಿಕೆಯ ಕವಳ ಹಾಕುತ್ತಿದ್ದ ದೊಡ್ಡಪ್ಪ, ನಾನು ಏನು ಓದುತ್ತಿದ್ದೇನೆಂದು ಕೇಳಿದ. ಊರಿನ ಸಹಕಾರಿ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದ ಮನುಷ್ಯ ಅವನು. ಒಬ್ಬೊಬ್ಬ ಅಭ್ಯರ್ಥಿಯ ಆದ್ಯತೆಗಳನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿದೆ: ಹೊಸ ಯೋಜನೆಗಳನ್ನು ಸೇರಿಸಿಕೊಳ್ಳುವುದು, ಪಾರದರ್ಶಕತೆ, ಯುವಜನರ ಒಳಗೊಳ್ಳುವಿಕೆ, ಮುಕ್ತ ತಂತ್ರಾಂಶದ ಪರವಾಗಿ ಜಗತ್ತಿನ ಮುಂದೆ ದನಿಯೆತ್ತುವುದು. ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕವಳ ಉಗಿದು ಬಂದು, ದೊಡ್ಡಪ್ಪ ಕೇಳಿದ್ದು ಒಂದೇ ಮಾತು: “ಅದೆಲ್ಲ ಸರಿ ತಮಾ, ಕಿರ್ದಿ ಬರೆಯದು ಯಾರು?”

ಕಿರ್ದಿ ಎಂದರೆ ದಿನದಿನದ ಜಮಾಖರ್ಚಿನ ಪುಸ್ತಕ. ಅಂದಿನಿಂದ ಇಂಥ ಹೇಳಿಕೆಗಳನ್ನು ನಾನು ಓದುವ ರೀತಿಯೇ ಬದಲಾಗಿದೆ. ಈ ಬರಹದಲ್ಲಿ ಯಾವ ಅಭ್ಯರ್ಥಿಯ ಹೆಸರನ್ನೂ ಹೇಳುವುದಿಲ್ಲ. ವರ್ಷ ವರ್ಷ ಬದಲಾಗುವ ಹೆಸರುಗಳಿಗಿಂತ, ಯಾವ ಆದ್ಯತೆಗೆ ಮತ ಹಾಕಬೇಕು ಎಂಬುದನ್ನು ನನಗೆ ನಾನೇ ಸ್ಪಷ್ಟಪಡಿಸಿಕೊಳ್ಳುವುದು ಇಲ್ಲಿನ ಉದ್ದೇಶ.

ಮೊದಲು ಸಂಸ್ಥೆಯ ಹುಟ್ಟಿನ ಕಾರಣವನ್ನು ಹೇಳಬೇಕು. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು (ಆಪರೇಟಿಂಗ್ ಸಿಸ್ಟಂ) ಆರಂಭಿಸಿದ. ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಕೂಡಿ ಕಟ್ಟುವ ಈ ಯೋಜನೆಗೆ ಸಂವಿಧಾನವಿದೆ, ಚುನಾಯಿತ ನಾಯಕನಿದ್ದಾನೆ, ಸಾವಿರಾರು ತಂತ್ರಾಂಶ ಪೊಟ್ಟಣಗಳಿವೆ; ಆದರೆ ಕಾನೂನಿನ ಕಣ್ಣಿಗೆ ಡೆಬಿಯನ್ ಎಂಬುದೊಂದು ಇಲ್ಲವೇ ಇಲ್ಲ. ಯಾರಾದರೂ ಸಾವಿರ ಡಾಲರ್ ದೇಣಿಗೆ ಕೊಡಲು ಬಂದರೆ ಚೆಕ್ ಯಾರ ಹೆಸರಿಗೆ ಬರೆಯಬೇಕು? ಸರ್ವರ್ ಯಂತ್ರ ಕೊಂಡರೆ ಅದರ ಮಾಲೀಕ ಯಾರು? ಹೆಸರಿನ ಟ್ರೇಡ್‌ಮಾರ್ಕ್ ಯಾರ ಸ್ವತ್ತು? ಈ ಪ್ರಶ್ನೆಗಳಿಗೆ ಉತ್ತರವಾಗಿ 1997ರಲ್ಲಿ ಎಸ್‌ಪಿಐ ನೋಂದಣಿಯಾಯಿತು. ಡೆಬಿಯನ್‌ಗಾಗಿ ಹುಟ್ಟಿದ ಈ ಸಂಸ್ಥೆಯ ನೆರಳಿಗೆ ಆಮೇಲೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ದತ್ತಸಂಚಯ ತಂತ್ರಾಂಶ, ಡೆಬಿಯನ್‌ನಂಥದ್ದೇ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಾದ ಆರ್ಚ್ ಲಿನಕ್ಸ್, ವೈಫೈ ರೌಟರ್‌ಗಳಲ್ಲಿ ಓಡುವ ಓಪನ್‌ಡಬ್ಲ್ಯುಆರ್‌ಟಿ, ಲೆಕ್ಕವಿಲ್ಲದಷ್ಟು ವಿಡಿಯೋ ತಂತ್ರಾಂಶಗಳ ಹೊಟ್ಟೆಯೊಳಗೆ ಕುಳಿತಿರುವ ಎಫ್‌ಎಫ್‌ಎಂಪೆಗ್ ಮೊದಲಾದ ಹಲವು ಯೋಜನೆಗಳು ಬಂದವು. ಬಂದ ದೇಣಿಗೆಯಲ್ಲಿ ಶೇಕಡಾ 5ರಷ್ಟನ್ನು ಸಂಸ್ಥೆ ತನ್ನ ಖರ್ಚಿಗೆ ಇಟ್ಟುಕೊಂಡು, ಉಳಿದದ್ದನ್ನು ಆಯಾ ಯೋಜನೆಯ ಹೆಸರಿನಲ್ಲಿ ಬೇರೆಯಾಗಿ ಜಮಾ ಇಡುತ್ತದೆ. ಆ ಹಣವನ್ನು ಏತಕ್ಕೆ ಖರ್ಚು ಮಾಡಬೇಕೆಂದು ಹೇಳುವವರು ಯೋಜನೆಯವರು. ಆ ಖರ್ಚು ಕಾನೂನಿಗೆ ಒಪ್ಪುತ್ತದೆಯೇ ಎಂದು ನೋಡಿ ಪಾವತಿ ಮಾಡುವವರು ಎಸ್‌ಪಿಐಯವರು.

ಶಿರಸಿ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ದೇಶದ ಮೊದಲ ಸಹಕಾರಿ ಸಂಘ ಹುಟ್ಟಿದ ಮೇಲೆ ಈ ಪದ್ಧತಿ ಘಟ್ಟದ ಮೇಲಿನ ಅಡಿಕೆ ಬೆಳೆಗಾರರಿಗೂ ಹಿಡಿಸಿ, 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸೇಲ್ ಸೊಸೈಟಿ ಆರಂಭವಾಯಿತು. ಇಂದು ಸಂಘದ ವ್ಯವಹಾರ ತಿಳಿಯದ ಮನೆ ನಮ್ಮ ಕಡೆ ಹುಡುಕಿದರೂ ಸಿಗುವುದು ಕಷ್ಟ. ಬೆಳೆಗಾರ ಚಾಲಿ ಅಡಿಕೆಯನ್ನೋ ರಾಶಿ ಅಡಿಕೆಯನ್ನೋ ಚೀಲದಲ್ಲಿ ತುಂಬಿ ತಂದು ಇಳಿಸುತ್ತಾನೆ. ಸಂಘ ತೂಗಿ, ಅವನ ಹೆಸರಿಗೆ ಲಾಟು ಹಾಕಿ, ಟೆಂಡರಿನಲ್ಲಿ ಮಾರಿ, ತನ್ನ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಅವನ ಖಾತೆಗೆ ಜಮಾ ಮಾಡುತ್ತದೆ. ಅಡಿಕೆ ಸಂಘದ ಕಟ್ಟಡದಲ್ಲಿದ್ದರೂ ಅದು ಸಂಘದ ಅಡಿಕೆಯಲ್ಲ. ದೊಡ್ಡಪ್ಪ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾನೆ: “ದುಡ್ಡು ಯಾರದ್ದು ಹೇಳದು ಒಂದು, ಯಾರ ಹತ್ರ ಇದ್ದು ಹೇಳದು ಇನ್ನೊಂದು. ಇವೆರಡನ್ನ ಕಲಸಿದ್ರೆ ಸಂಘ ಮುಳುಗಿತು.”

ಆದರೆ ನಮ್ಮ ಸಂಘಕ್ಕೂ ಎಸ್‌ಪಿಐಗೂ ಒಂದು ದೊಡ್ಡ ವ್ಯತ್ಯಾಸವಿದೆ, ಮತ್ತು ಅಭ್ಯರ್ಥಿಗಳ ಹೇಳಿಕೆಗಳು ಏಕೆ ಒಂದೇ ಕಡೆಗೆ ವಾಲುತ್ತವೆ ಎಂಬುದರ ಗುಟ್ಟು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಸಂಘದಲ್ಲಿ ಅಡಿಕೆ ತಂದವನೇ ಮತದಾರ. ಅವನ ಹಣ ಎರಡು ವಾರ ತಡವಾದರೆ ಸೆಪ್ಟೆಂಬರಿನ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಅವನೇ ಎದ್ದು ನಿಂತು, ಆಸ್ತಿ-ಸಾಲಗಳ ಅಢಾವೆ ಪತ್ರಿಕೆಯನ್ನು ಕೈಯಲ್ಲಿ ಹಿಡಿದು, ಅಧ್ಯಕ್ಷರ ಬೆವರಿಳಿಸುತ್ತಾನೆ. ಎಸ್‌ಪಿಐಯಲ್ಲಿ ಹಣ ಇಟ್ಟಿರುವುದು ಯೋಜನೆಗಳು, ಮತ ಹಾಕುವುದು ನನ್ನಂಥ ಬಿಡಿ ವ್ಯಕ್ತಿಗಳು. ಒಂದು ಯೋಜನೆಯ ಹೆಸರಿನಲ್ಲಿ ದೊಡ್ಡ ಮೊತ್ತ ಜಮೆಯಿದ್ದರೂ ಯೋಜನೆಯಾಗಿ ಅದಕ್ಕೆ ಒಂದೇ ಒಂದು ಮತವೂ ಇಲ್ಲ. ಪಾವತಿ ತಡವಾಗಿ ಕಷ್ಟಪಡುವವನು ಒಬ್ಬ, ಮತ ಹಾಕುವವನು ಇನ್ನೊಬ್ಬ. ಸಂಸ್ಥೆಯ ಕಟ್ಟೆಯನ್ನು ಒಮ್ಮೆಯೂ ಹತ್ತದ ಮತದಾರನನ್ನು ಒಲಿಸಿಕೊಳ್ಳಲು ಲೆಕ್ಕಪತ್ರದ ಮಾತಿಗಿಂತ ಆದರ್ಶದ ಮಾತು ಸುಲಭ. ಆದ್ದರಿಂದ ಒಳ್ಳೆಯ ಅಭ್ಯರ್ಥಿಗಳೂ ತಮಗೆ ಅರಿವಿಲ್ಲದೆಯೇ ಆ ಕಡೆಗೆ ಹೋಗುತ್ತಾರೆ. ಇದರಲ್ಲಿ ಅಭ್ಯರ್ಥಿಗಳ ತಪ್ಪಿಗಿಂತ ಕೇಳಬೇಕಾದ್ದನ್ನು ಕೇಳದ ಮತದಾರರ ತಪ್ಪು ಹೆಚ್ಚು.

ಪಾವತಿ ತಡವಾಗುವುದೆಂದರೆ ಏನು ಎಂಬುದನ್ನು ನಾನು ಒಮ್ಮೆ ಅನುಭವಿಸಿದ್ದೇನೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅದೂ ಇಂಥದ್ದೇ ಕೆಲಸ ಮಾಡುವ ಒಂದು ಸಂಸ್ಥೆ. ಭಾಷಾ ತಂತ್ರಾಂಶದ ಕಾರ್ಯಾಗಾರವೊಂದಕ್ಕೆ ಹೋಗಿ ಬರುವ ಖರ್ಚನ್ನು ಮೊದಲು ಕೈಯಿಂದ ಹಾಕಿ, ಆಮೇಲೆ ರಸೀದಿ ಕಳಿಸಿ ಪಡೆಯುವುದು ಎಂದು ಒಪ್ಪಂದವಾಗಿತ್ತು. ಶಿರಸಿಯಿಂದ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು, ಮೂರು ದಿನದ ವಸತಿ. ಎಲ್ಲಾ ಸೇರಿ ಆಗ ನನ್ನ ತಿಂಗಳ ಆದಾಯದ ಅರ್ಧದಷ್ಟು. ಬಸ್ಸಿನ ಟಿಕೆಟು ಮಳೆಯಲ್ಲಿ ನೆನೆದು, ಮೊತ್ತ ಕಾಣಿಸುತ್ತಿದ್ದರೂ ದಿನಾಂಕ ಅಳಿಸಿಹೋಗಿತ್ತು. ದಿನಾಂಕವಿಲ್ಲದ ರಸೀದಿ ನಡೆಯುವುದಿಲ್ಲ ಎಂದು ಐದು ವಾರದ ನಂತರ ಉತ್ತರ ಬಂತು. ಬೇರೆ ದಾಖಲೆ ಕಳಿಸಿದ ಮೇಲೆ ಬ್ಯಾಂಕಿನ ವಿವರ ಕೇಳಿದರು. ನಮ್ಮ ಊರಿನ ಶಾಖೆಗೆ ಐಎಫ್‌ಎಸ್‌ಸಿ ಸಂಖ್ಯೆಯಿತ್ತೇ ಹೊರತು ಹೊರದೇಶದ ಹಣಕ್ಕೆ ಬೇಕಾದ ಸ್ವಿಫ್ಟ್ ಸಂಖ್ಯೆ ಇರಲಿಲ್ಲ. ದೊಡ್ಡ ಶಾಖೆಯ ಸಂಖ್ಯೆಯನ್ನು ಕೊಟ್ಟು, ಅದರ ಮೂಲಕ ನನ್ನ ಖಾತೆಗೆ ಬರುವಂತೆ ಮಾಡಬೇಕಿತ್ತು. ಹಣ ಬಂದು ಬ್ಯಾಂಕಿನಲ್ಲಿ ಕುಳಿತ ಮೇಲೆ, ಅದು ಯಾವ ಉದ್ದೇಶಕ್ಕೆ ಬಂದದ್ದು ಎಂಬ ಪರ್ಪಸ್ ಕೋಡ್ ಇಲ್ಲದೆ ಜಮಾ ಮಾಡುವಂತಿಲ್ಲ ಎಂದರು. ಕೌಂಟರಿನಲ್ಲಿದ್ದ ಹುಡುಗಿಗೆ ಮುಕ್ತ ತಂತ್ರಾಂಶವೆಂದರೆ ಏನೆಂದು ವಿವರಿಸುತ್ತಾ ನಾನು ಒಂದು ಮಧ್ಯಾಹ್ನ ಕಳೆದೆ. “ನೀವು ಅವರಿಗೆ ಏನು ಮಾರಿದ್ರಿ ಸರ್?” ಎಂದು ಆಕೆ ಮೂರು ಸಲ ಕೇಳಿದಳು, ಏನೂ ಮಾರದವನಿಗೆ ಅಮೆರಿಕದಿಂದ ಹಣ ಏಕೆ ಬರುತ್ತದೆ ಎಂಬ ಅವಳ ಸಂಶಯ ನ್ಯಾಯವಾದದ್ದೇ. ಅಂತೂ ಏಳನೆಯ ತಿಂಗಳಿಗೆ ಹಣ ಖಾತೆಗೆ ಬಿತ್ತು, ಮಧ್ಯದ ಬ್ಯಾಂಕುಗಳ ಶುಲ್ಕ ಕಳೆದು.

ಆ ಏಳು ತಿಂಗಳಲ್ಲಿ ಯಾರೂ ನನ್ನನ್ನು ಅಗೌರವದಿಂದ ನಡೆಸಿಕೊಳ್ಳಲಿಲ್ಲ. ಬಂದ ಪ್ರತಿಯೊಂದು ಉತ್ತರವೂ ಕ್ಷಮೆ ಕೇಳುತ್ತಲೇ ಆರಂಭವಾಗುತ್ತಿತ್ತು. ಅಲ್ಲಿ ಖಜಾಂಚಿಯಾಗಿದ್ದವರು ಹಗಲು ಬೇರೆ ಉದ್ಯೋಗ ಮಾಡಿ, ರಾತ್ರಿ ಈ ರಸೀದಿಗಳನ್ನು ನೋಡುತ್ತಿದ್ದ ಸ್ವಯಂಸೇವಕರು. ಅವರ ಮನೆಯಲ್ಲಿ ಯಾರಿಗೋ ಕಾಯಿಲೆಯಾದಾಗ ಎರಡು ತಿಂಗಳು ಎಲ್ಲವೂ ನಿಂತಿತ್ತು. ಅವರ ಪಾಸ್‌ವರ್ಡ್, ಅವರ ಸಹಿ, ಅವರ ನೆನಪು, ಈ ಮೂರರ ಮೇಲೆ ಇಡೀ ಸಂಸ್ಥೆ ನಿಂತಿತ್ತು. ಆದರೆ ಸಾಲ ಮಾಡಿ ಬಸ್ಸು ಹತ್ತುವ ವಿದ್ಯಾರ್ಥಿಯೊಬ್ಬ ನನ್ನ ಜಾಗದಲ್ಲಿದ್ದಿದ್ದರೆ ಮುಂದಿನ ಕಾರ್ಯಾಗಾರಕ್ಕೆ ಖಂಡಿತ ಹೋಗುತ್ತಿರಲಿಲ್ಲ. ‘ಹಿಂದುಳಿದ ಪ್ರದೇಶಗಳ ಯುವಜನರನ್ನು ಒಳಗೊಳ್ಳುವುದು’ ಎಂದು ಹೇಳಿಕೆಯಲ್ಲಿ ಬರೆಯುವ ಅಭ್ಯರ್ಥಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ: ಮೂವತ್ತು ದಿನದೊಳಗೆ ಮರುಪಾವತಿ ಮಾಡಿ, ಅಥವಾ ಟಿಕೆಟನ್ನು ನೀವೇ ತೆಗೆದುಕೊಡಿ, ಒಳಗೊಳ್ಳುವಿಕೆಯ ಅರ್ಧ ಭಾಗ ಅಲ್ಲಿಗೇ ಮುಗಿಯುತ್ತದೆ.

ಆದುದರಿಂದ ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಖಜಾಂಚಿಯ ಕೆಲಸವನ್ನು ಒಬ್ಬರ ತಲೆಯಿಂದ ಇಳಿಸಿ ಹಲವರ ಕೈಗೆ ಹಂಚುತ್ತೇನೆ ಎನ್ನುವವರಿಗೆ. ನಮ್ಮ ಸಂಘದಲ್ಲಿ ಕಿರ್ದಿ ಬರೆಯುವವನು ಒಬ್ಬ, ಅದನ್ನು ಖಾತೆವಾರು ಪುಸ್ತಕವಾದ ಖತಾವಣಿಗೆ ಏರಿಸುವವನು ಇನ್ನೊಬ್ಬ, ನಗದು ಎಣಿಸುವವನು ಮೂರನೆಯವನು, ಸಹಿ ಇಬ್ಬರದು. ಇದು ಅಪನಂಬಿಕೆಯಿಂದ ಹುಟ್ಟಿದ ಏರ್ಪಾಡು ಎಂದು ಹೊಸಬರಿಗೆ ಕಾಣಬಹುದು, ಆದರೆ ದೊಡ್ಡಪ್ಪ ಮಗಳ ಮದುವೆಗೆ ಹದಿನೈದು ದಿನ ರಜೆ ಹಾಕಿದಾಗಲೂ ಸಂಘದ ಬಾಗಿಲು ತೆರೆದಿದ್ದದ್ದು ಇದೇ ಏರ್ಪಾಡಿನಿಂದ. ಎಸ್‌ಪಿಐಯಲ್ಲಿ ಒಂಬತ್ತು ನಿರ್ದೇಶಕರು, ಮೂರು ವರ್ಷದ ಅವಧಿ, ಎಲ್ಲರೂ ಸಂಬಳವಿಲ್ಲದೆ ದುಡಿಯುವವರು. ಅಂಥಲ್ಲಿ ಯಾರ ನಂತರ ಯಾರು ಎಂಬುದನ್ನು ಮೊದಲೇ ಯೋಚಿಸಿ, ಪ್ರತಿ ಕೆಲಸದ ವಿಧಾನವನ್ನು ಬರೆದಿಡುವುದು ಯಾವ ಘೋಷಣೆಗಿಂತಲೂ ದೊಡ್ಡ ಸೇವೆ.

ಇದರ ಬೆನ್ನಿಗೇ ಬರುವುದು ಸಂಬಳದ ಪ್ರಶ್ನೆ. ಸ್ವಯಂಸೇವಕರಿಂದ ಆಗದಿದ್ದರೆ ಹಣ ಕೊಟ್ಟು ಲೆಕ್ಕಿಗರನ್ನೂ ಆಡಳಿತ ಸಿಬ್ಬಂದಿಯನ್ನೂ ಇಟ್ಟುಕೊಳ್ಳೋಣ ಎಂದು ಹೇಳುವುದು ಸುಲಭ; ಆದರೆ ಶೇಕಡಾ 5ರಲ್ಲಿ ಎಷ್ಟು ಸಂಬಳ ಹುಟ್ಟುತ್ತದೆ? ಒಂದು ಲಕ್ಷ ಡಾಲರ್ ದೇಣಿಗೆ ಬಂದರೆ ಸಂಸ್ಥೆಗೆ ಸಿಗುವುದು ಐದು ಸಾವಿರ. ಇದೇ ಬಗೆಯ ಕೆಲಸ ಮಾಡುವ, ಗಿಟ್, ಇಂಕ್‌ಸ್ಕೇಪ್, ಸಾಂಬಾ ಮೊದಲಾದ ಯೋಜನೆಗಳಿಗೆ ಆಸರೆಯಾಗಿರುವ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ 2006ರಲ್ಲಿ ಆರಂಭವಾದದ್ದು. ಅದು ಶೇಕಡಾ 10ನ್ನು ಮುರಿದುಕೊಳ್ಳುತ್ತದೆ, ಸಂಬಳದ ಸಿಬ್ಬಂದಿಯನ್ನೂ ಇಟ್ಟುಕೊಂಡಿದೆ, ಪರವಾನಗಿ ಉಲ್ಲಂಘನೆಯ ವಿರುದ್ಧ ನ್ಯಾಯಾಲಯಕ್ಕೂ ಹೋಗುತ್ತದೆ. ಎರಡೂ ಪದ್ಧತಿಗಳು ಸರಿಯೇ. ಕಡಿಮೆ ಕಮಿಷನ್ನಿಗೆ ಹೆಚ್ಚು ಸೇವೆ ಕೊಡುತ್ತೇವೆ ಎನ್ನುವವರನ್ನು ಮಾತ್ರ ನಾನು ನಂಬುವುದಿಲ್ಲ. ನಮ್ಮ ಸರ್ವಸಾಧಾರಣ ಸಭೆಯಲ್ಲೂ ವರ್ಷಕ್ಕೊಬ್ಬರು ಎದ್ದು, ಕಮಿಷನ್ ಅರ್ಧ ಪರ್ಸೆಂಟ್ ಇಳಿಸಿ, ಗೊಬ್ಬರದ ಗೋದಾಮು ದೊಡ್ಡದು ಮಾಡಿ, ಎಂದು ಒಂದೇ ಉಸಿರಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಸಿಬ್ಬಂದಿ ಬೇಕೆನ್ನುವ ಅಭ್ಯರ್ಥಿ ಶೇಕಡಾವಾರನ್ನು ಎಷ್ಟಕ್ಕೆ ಏರಿಸುತ್ತಾನೆ ಎಂಬ ಅಂಕಿಯನ್ನೂ ಜೊತೆಗೆ ಬರೆದರೆ, ಆ ಅಂಕಿ ನನಗೆ ಒಪ್ಪಿಗೆಯಾಗದಿದ್ದರೂ, ಅವನಿಗೆ ಮೇಲಿನ ಸ್ಥಾನ ಕೊಡುತ್ತೇನೆ.

ಹೊಸ ಯೋಜನೆಗಳನ್ನು ಸೇರಿಸಿಕೊಳ್ಳಬೇಕೇ ಎಂಬುದಕ್ಕೂ ಇದೇ ಅಳತೆಗೋಲು. ಇರುವ ಖಾತೆಗಳನ್ನು ತಿಂಗಳ ತಿಂಗಳು ಸರಿದೂಗಿಸಲು ಆಗುತ್ತಿದ್ದರೆ ಸೇರಿಸಿಕೊಳ್ಳಲಿ, ಇಲ್ಲದಿದ್ದರೆ ಕಾಯಲಿ.

ಪಾರದರ್ಶಕತೆಯ ವಿಷಯದಲ್ಲಿ ಎಸ್‌ಪಿಐ ಮೊದಲಿನಿಂದಲೂ ಹಲವು ಸಂಸ್ಥೆಗಳಿಗಿಂತ ಮುಂದಿದೆ ಎಂದೇ ನನ್ನ ಅಭಿಪ್ರಾಯ. ಮಂಡಳಿಯ ಸಭೆಗಳು ಐಆರ್‌ಸಿ ಎಂಬ ಹಳೆಯ ಕಾಲದ ಬರಹದ ಹರಟೆಮನೆಯಲ್ಲಿ ಬಹಿರಂಗವಾಗಿ ನಡೆದು ಬಂದಿವೆ; ಯಾರು ಬೇಕಾದರೂ ಹೋಗಿ ಮೂಕಪ್ರೇಕ್ಷಕರಾಗಿ ಕೂರಬಹುದು. ಜಾಗತಿಕ ಕಾಲಮಾನದ 20 ಗಂಟೆಗೆ ಸಭೆ ಸೇರಿದರೆ ನಮಗೆ ಆಗ ರಾತ್ರಿ ಒಂದೂವರೆ. ನಾನು ಎರಡು ಸಲ ಹಾಗೆ ಕುಳಿತಿದ್ದೇನೆ; ಒಮ್ಮೆ ಗೊತ್ತುವಳಿ ಮತಕ್ಕೆ ಬರುವ ಹೊತ್ತಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು, ಇನ್ನೊಮ್ಮೆ ನನಗೇ ನಿದ್ದೆ ಬಂತು. ಖಜಾಂಚಿಯ ವರದಿಯಲ್ಲಿ ಯಾವ ಯೋಜನೆಯ ಹೆಸರಿನಲ್ಲಿ ಎಷ್ಟು ಹಣವಿದೆ ಎಂಬುದೂ ಸಿಗುತ್ತದೆ. ಇನ್ನು ಅಮೆರಿಕದ ಕಾನೂನಿನಂತೆ ತೆರಿಗೆ ವಿನಾಯಿತಿಯಿರುವ ಇಂಥ ಸಂಸ್ಥೆಗಳು ಪ್ರತಿ ವರ್ಷ ‘ಫಾರ್ಮ್ 990’ ಎಂಬ ವಿವರಪಟ್ಟಿಯನ್ನು ಸಲ್ಲಿಸಬೇಕು, ಅದನ್ನು ಸಾರ್ವಜನಿಕರು ನೋಡಬಹುದು. ಸತತ ಮೂರು ವರ್ಷ ಸಲ್ಲಿಸದಿದ್ದರೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ಹತ್ತಾರು ಯೋಜನೆಗಳು ಒಂದೇ ಛತ್ರಿಯ ಕೆಳಗೆ ನಿಂತಿರುವಾಗ, ಒಂದು ಫಾರ್ಮ್ ಮರೆತುಹೋದರೆ ಮಳೆ ಎಲ್ಲರ ತಲೆಯ ಮೇಲೂ ಬೀಳುತ್ತದೆ. ಪಾರದರ್ಶಕತೆ ಎಂಬ ಪದವನ್ನು ಹತ್ತು ಸಲ ಬರೆಯುವ ಅಭ್ಯರ್ಥಿ ಈ ಫಾರ್ಮಿನ ಹೆಸರನ್ನು ಒಂದು ಸಲವಾದರೂ ಬರೆದಿದ್ದಾನೆಯೇ ಎಂದು ನೋಡುವುದು ನನ್ನ ಅಭ್ಯಾಸವಾಗಿದೆ.

ಲೆಕ್ಕದಷ್ಟೇ ಮುಖ್ಯವಾದ, ಆದರೆ ಲೆಕ್ಕದಲ್ಲಿ ಕಾಣದ ಇನ್ನೊಂದು ಆಸ್ತಿಯಿದೆ, ಅದು ಹೆಸರು. ಲಿಬ್ರೆಆಫೀಸ್‌ನಲ್ಲಿ ಕನ್ನಡ ಬರೆಯುವ ಎಷ್ಟೋ ಜನರಿಗೆ ಅದರ ಹಿಂದಿನ ಹೆಸರು ನೆನಪಿರಲಿಕ್ಕಿಲ್ಲ. ಓಪನ್‌ಆಫೀಸ್ ಎಂದಿದ್ದ ಆ ಯೋಜನೆಯ ಒಡೆತನ ಸನ್ ಕಂಪನಿಯದಾಗಿತ್ತು. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡುಕೊಂಡಾಗ ಹೆಸರೂ ಅದರ ಜೊತೆಗೆ ಹೋಯಿತು. ಅದೇ ವರ್ಷ ಅಭಿವೃದ್ಧಿಗಾರರಲ್ಲಿ ಬಹಳ ಮಂದಿ ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿದರು. ತಂತ್ರಾಂಶದ ಮೂಲಸಂಕೇತವನ್ನು ಅವರು ಕೊಂಡೊಯ್ಯಬಹುದಾಗಿತ್ತು, ಏಕೆಂದರೆ ಪರವಾನಗಿ ಅದಕ್ಕೆ ಅವಕಾಶ ಕೊಟ್ಟಿತ್ತು. ಹತ್ತು ವರ್ಷ ಜನರ ಬಾಯಲ್ಲಿ ಬೆಳೆದ ಹೆಸರನ್ನು ಮಾತ್ರ ಬಿಟ್ಟು ಬರಬೇಕಾಯಿತು. ಡೆಬಿಯನ್ ಎಂಬ ಹೆಸರಿನ ಟ್ರೇಡ್‌ಮಾರ್ಕ್ ಎಸ್‌ಪಿಐ ಬಳಿ ಇರುವುದರ ಅರ್ಥ ಇಂಥದ್ದು ಅಲ್ಲಿ ನಡೆಯದಿರಲಿ ಎಂಬುದು. ಆದರೆ ಕಾಯುವವನೇ ಒಡೆಯನಾಗಬಾರದು ಎಂಬ ಎಚ್ಚರ ಮಂಡಳಿಗೂ ಇರಬೇಕು. ಯೋಜನೆಯೊಂದು ಬೇರೆ ಸಂಸ್ಥೆಗೆ ಹೋಗುತ್ತೇನೆ ಎಂದರೆ ಹಣ, ಡೊಮೇನ್, ಹೆಸರುಗಳನ್ನು ಎಷ್ಟು ದಿನದಲ್ಲಿ ಬಿಟ್ಟುಕೊಡುತ್ತೀರಿ ಎಂಬುದು ನಾನು ಪ್ರತಿ ಅಭ್ಯರ್ಥಿಗೂ ಕೇಳಲು ಬಯಸುವ ಪ್ರಶ್ನೆ. ಸಂಘದ ಸದಸ್ಯತ್ವ ಬಿಟ್ಟವನ ಶೇರು ಹಣ ಹಿಂದಿರುಗಿಸುವಾಗ ಸಂಘದ ನಿಜವಾದ ಮುಖ ಗೊತ್ತಾಗುತ್ತದೆ.

2024ರ ಮಾರ್ಚ್ ಕೊನೆಯಲ್ಲಿ ನಡೆದ ಒಂದು ಘಟನೆಯ ನಂತರ ಅಭ್ಯರ್ಥಿಗಳ ಬಾಯಲ್ಲಿ ಭದ್ರತೆಯ ಮಾತು ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ. ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶವನ್ನು ಬಹುಕಾಲ ಒಬ್ಬರೇ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದರು. ಸಹಾಯ ಮಾಡುವ ನೆಪದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರ ವಿಶ್ವಾಸ ಗಳಿಸಿದ ಅಜ್ಞಾತ ವ್ಯಕ್ತಿ ಅದರೊಳಗೆ ಗುಪ್ತ ಬಾಗಿಲೊಂದನ್ನು ಇಟ್ಟ. ಅದನ್ನು ಪತ್ತೆ ಹಚ್ಚಿದ್ದು ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಭಿವೃದ್ಧಿಗಾರ ಆಂಡ್ರೆಸ್ ಫ್ರಾಯಿಂಡ್, ಅದೂ ಡೆಬಿಯನ್ ಓಡುತ್ತಿದ್ದ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆ ಎಂದು ಬೆನ್ನು ಹತ್ತಿ. ಇಂಥದ್ದನ್ನು ತಡೆಯಲು ಸಂಸ್ಥೆಯು ತಂತ್ರಾಂಶ ನೋಡಿಕೊಳ್ಳುವ ನಿರ್ವಾಹಕರಿಗೆ ಹಣ ಕೊಡಬೇಕು ಎಂಬ ಮಾತು ಕೇಳಲು ಹಿತವಾಗಿದೆ. ಆದರೆ ಒಂದು ಯೋಜನೆಗೆಂದು ಬಂದ ಹಣವನ್ನು ಮಂಡಳಿ ತನ್ನ ಇಚ್ಛೆಯಂತೆ ಇನ್ನೊಂದಕ್ಕೆ ತಿರುಗಿಸುವಂತಿಲ್ಲ, ಯೋಜನೆಗಳ ಒಳಗೆ ಯಾರು ನಿರ್ವಾಹಕರಾಗಬೇಕು ಎಂದು ಹೇಳುವಂತೆಯೂ ಇಲ್ಲ. ಹಾಗೆ ಹೇಳತೊಡಗಿದ ದಿನ ಯೋಜನೆಗಳು ಎದ್ದು ಹೋಗುತ್ತವೆ. ಮಂಡಳಿ ಮಾಡಬಹುದಾದದ್ದು, ಯೋಜನೆಯೊಂದು ತನ್ನ ಹಣದಲ್ಲಿ ಯಾರಿಗಾದರೂ ಸಂಬಳ ಕೊಡಲು ಬಯಸಿದಾಗ ಅದರ ಒಪ್ಪಂದಪತ್ರ, ತೆರಿಗೆ, ದೇಶದಿಂದ ದೇಶಕ್ಕೆ ಪಾವತಿ, ಇವನ್ನು ಅಡೆತಡೆಯಿಲ್ಲದೆ ನಡೆಸಿಕೊಡುವುದು. ಮತ್ತೆ ಅದೇ ಕಿರ್ದಿಯ ಮಾತಿಗೆ ಬಂದೆ.

ಭಾರತದಲ್ಲಿಯೇ ಇಂಥ ಸಂಸ್ಥೆ ಏಕಿರಬಾರದು ಎಂದು ಸ್ನೇಹಿತರು ಕೇಳುವುದುಂಟು. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್‌ನ ಜಾಗತಿಕ ಸಮ್ಮೇಳನ ಕೊಚ್ಚಿಯಲ್ಲಿ ನಡೆದ ಮೇಲಂತೂ ಈ ಪ್ರಶ್ನೆ ಹೆಚ್ಚಾಗಿದೆ. ಊರಿನ ದೇಣಿಗೆಯಲ್ಲಿ ನಡೆಯುವ ಸಂಸ್ಥೆಗೆ ಅಡ್ಡಿಯೇನಿಲ್ಲ. ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಅದನ್ನು ಆರಂಭಿಸಬಹುದು. ಕಗ್ಗಂಟಿರುವುದು ಹೊರದೇಶದ ದೇಣಿಗೆಯಲ್ಲಿ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತದ ಖರ್ಚು ಶೇಕಡಾ 20ನ್ನು ಮೀರಬಾರದು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಪಡೆದ ವಂತಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹೊರಗಿನ ದೇಣಿಗೆ ಪಡೆದು ಹಲವು ಗುಂಪುಗಳಿಗೆ ಹಂಚುವ ಛತ್ರಿ ಸಂಸ್ಥೆಗೆ ಇದು ಕೈಕಟ್ಟಿದಂತೆ. ಆದ್ದರಿಂದ ‘ಭಾರತದಲ್ಲಿ ಸೋದರ ಸಂಸ್ಥೆ ಸ್ಥಾಪಿಸುತ್ತೇನೆ’ ಎಂದು ಯಾರಾದರೂ ಒಂದೇ ಸಾಲಿನಲ್ಲಿ ಬರೆದರೆ, ಅವರು ಈ ಕಾಯ್ದೆಯನ್ನು ಓದಿಲ್ಲ ಎಂದೇ ತಿಳಿಯುತ್ತೇನೆ. ಅದರ ಬದಲು, ಭಾರತ, ಬ್ರೆಜಿಲ್, ನೈಜೀರಿಯಾಗಳಂಥ ದೇಶಗಳಲ್ಲಿರುವ ವ್ಯಕ್ತಿಗಳಿಗೆ ಖರ್ಚು ಮರುಪಾವತಿ ಮಾಡುವ ಕ್ರಮವನ್ನು ದೇಶವಾರು ಒಂದೊಂದು ಪುಟದಲ್ಲಿ ಬರೆದಿಟ್ಟರೆ, ನಮ್ಮ ಬ್ಯಾಂಕಿನ ಆ ಹುಡುಗಿಗೂ ನನಗೂ ಒಂದು ಮಧ್ಯಾಹ್ನ ಉಳಿಯುತ್ತಿತ್ತು. ನಾನು ಬಳಸುವ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಡೆಬಿಯನ್ ಪೊಟ್ಟಣಗಳಾಗಿ ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವನಿಗೂ ಕ್ಷಣದಲ್ಲಿ ಸಿಗುತ್ತವೆ. ಆ ದಾರಿಯಲ್ಲಿ ಅಕ್ಷರ ಹೋದಷ್ಟು ಸಲೀಸಾಗಿ ಬಸ್ಸಿನ ಖರ್ಚು ಹಿಂದಿರುಗಿ ಬರುವುದಿಲ್ಲ.

ಮತ ಹಾಕುವ ಕ್ರಮದ ಬಗ್ಗೆ ಎರಡು ಮಾತು. ಇಲ್ಲಿ ಒಬ್ಬರ ಹೆಸರಿನ ಮುಂದೆ ಗುರುತು ಹಾಕಿ ಎದ್ದು ಬರುವಂತಿಲ್ಲ, ಅಭ್ಯರ್ಥಿಗಳನ್ನು ನಮ್ಮ ಇಷ್ಟದ ಅನುಕ್ರಮದಲ್ಲಿ ಜೋಡಿಸಬೇಕು. ಡೆಬಿಯನ್ ನಾಯಕನ ಚುನಾವಣೆಯಲ್ಲಂತೂ ‘ಇವರಲ್ಲಿ ಯಾರೂ ಅಲ್ಲ’ ಎಂಬುದೂ ಒಬ್ಬ ಅಭ್ಯರ್ಥಿಯಂತೆ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮ ದೇಶದಲ್ಲಿ 2013ರಿಂದ ಮತಯಂತ್ರದಲ್ಲಿರುವ ನೋಟಾ ಎಷ್ಟೇ ಮತ ಪಡೆದರೂ ಅಭ್ಯರ್ಥಿಯೊಬ್ಬ ಗೆದ್ದೇ ಗೆಲ್ಲುತ್ತಾನೆ. ಅಲ್ಲಿ ಹಾಗಲ್ಲ, ‘ಯಾರೂ ಅಲ್ಲ’ ಎಂಬುದನ್ನು ಮೀರಿಸಲಾಗದವನು ಅಲ್ಲಿಗೇ ಹೊರಬೀಳುತ್ತಾನೆ. ಸಂಘದ ಚುನಾವಣೆಗೆ ಈ ಪದ್ಧತಿ ತಂದರೆ ಹೇಗೆ ಎಂದು ಕೇಳಿದಾಗ, ದೊಡ್ಡಪ್ಪ ಬಹಳ ಹೊತ್ತು ನಕ್ಕ.

ಆ ಸಲದ ಹೇಳಿಕೆಗಳನ್ನು ನಾನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಮೊದಲ ಓದಿನಲ್ಲಿ ನಾನು ದಾಟಿಕೊಂಡು ಹೋಗಿದ್ದ ಒಂದು ಹೇಳಿಕೆ ಉಳಿದವುಗಳಿಗಿಂತ ಗಿಡ್ಡವಾಗಿತ್ತು. ಬಾಕಿಯಿರುವ ಮರುಪಾವತಿಗಳನ್ನು ಮುಗಿಸುವುದು, ಪ್ರತಿ ಖಾತೆಗೂ ಎರಡನೆಯ ಸಹಿದಾರರನ್ನು ನೇಮಿಸುವುದು, ಯೋಜನೆಗಳು ತಮ್ಮ ಶಿಲ್ಕನ್ನು, ಅಂದರೆ ಉಳಿದಿರುವ ಹಣವನ್ನು, ಯಾರನ್ನೂ ಕೇಳದೆ ತಾವೇ ನೋಡಿಕೊಳ್ಳುವಂತೆ ಮಾಡುವುದು ಎಂದಷ್ಟೇ ಅದರಲ್ಲಿತ್ತು. ಆ ಹೆಸರನ್ನು ಮೊದಲ ಸ್ಥಾನಕ್ಕೆ ತಂದೆ. ಅಷ್ಟರಲ್ಲಿ ಮಳೆ ಹೊಳವಾಯಿತು. ಕೊನೆಗೌಡ ಎದ್ದು ಪೀಪಾಯಿಯ ದ್ರಾವಣವನ್ನು ಕೋಲಿನಿಂದ ಕದಡತೊಡಗಿದ. ಉಳಿದ ಹೆಸರುಗಳನ್ನು ಜೋಡಿಸುವ ಕೆಲಸವನ್ನು ರಾತ್ರಿಗೆ ಇಟ್ಟುಕೊಂಡು ನಾನೂ ತೋಟಕ್ಕಿಳಿದೆ.